ಬಿಟ್ಟುಕೊಟ್ಟ ಸೀಟು

ಹೋಟೆಲುಗಳಲ್ಲಿ ಕುಳಿತು ತಿನ್ನಲು ಮತ್ತೆ ಅನುಮತಿ ಸಿಕ್ಕಿದ ವಾರ, ಖುರುಮ್ ಬಡಾವಣೆಯ ಜಪಾನಿ ಕೋಳಿ ಹೋಟೆಲಿಗೆ ಹೋಗುವ ಎಂದು ಗಂಡ ಲಕ್ಷಿತ್ ಹೇಳಿದಾಗ ಯಶ್ಮಿತಾ ತಕ್ಷಣ ಒಪ್ಪಿದಳು. ಕೋಳಿಗಿಂತ ಹೆಚ್ಚಾಗಿ ಅವಳಿಗೆ ಬೇಕಿದ್ದದ್ದು ಅಲ್ ಹೈಲ್‌ನಲ್ಲಿದ್ದ ತಮ್ಮ ಫ್ಲ್ಯಾಟಿನ ಹೊಸ್ತಿಲು ದಾಟುವುದು.

ಮಾರ್ಚಿನಲ್ಲೇ ಈ ಅರಬ್ ನಾಡು ಬಿಟ್ಟು ಊರಿಗೆ ಹೊರಟು ನಿಂತವಳು ಅವಳು. ರಜೆಗಲ್ಲ, ತಿರುಗಿ ಬಾರದಿರಲು. ಪರದೆಯ ಬಣ್ಣದಿಂದ ಹಿಡಿದು ಅವಳು ಕೆಲಸಕ್ಕೆ ಹೋಗಬೇಕೋ ಬೇಡವೋ ಎನ್ನುವವರೆಗೆ ಮನೆಯ ಎಲ್ಲವನ್ನೂ ಲಕ್ಷಿತ್ ಒಬ್ಬನೇ ತೀರ್ಮಾನಿಸುತ್ತಿದ್ದ. ಬೈಯುತ್ತಿರಲಿಲ್ಲ, ಹೊಡೆಯುತ್ತಿರಲಿಲ್ಲ. ಕೇಳುತ್ತಲೂ ಇರಲಿಲ್ಲ. ಬೇರೆಯಾಗುವುದೆಂದು ಇಬ್ಬರೂ ಮಾತಾಡಿ ಮುಗಿಸಿದ್ದರು. ಮುಲ್ಕಿಯ ಶಾಲೆಯೊಂದರಲ್ಲಿ ಅವಳಿಗೆ ಕೆಲಸವೂ ನಿಗದಿಯಾಗಿತ್ತು. ಪೆಟ್ಟಿಗೆ ಕಟ್ಟಿಟ್ಟ ಮೇಲೆ ರೋಗ ಹರಡಿ ವಿಮಾನಗಳು ನಿಂತವು. ಮುಂದೆ ಊರಿಗೆ ವಿಶೇಷ ವಿಮಾನಗಳು ಶುರುವಾದಾಗ ಅವಳ ಹೆಸರು ಬರೆಸಿದವನೂ ಲಕ್ಷಿತ್‌ನೇ, ತನ್ನ ಫೋನ್ ನಂಬರ್ ಕೊಟ್ಟು. "ಗರ್ಭಿಣಿಯರು, ಕಾಯಿಲೆಯವರು, ಕೆಲಸ ಹೋದವರು ಮೊದಲು. ನಮ್ಮ ಸರದಿ ಬರ್ಬೇಕಷ್ಟೆ" ಎನ್ನುತ್ತಿದ್ದ. ಸರದಿ ಬರಲೇ ಇಲ್ಲ.

ಬೇರೆಯಾಗಬೇಕಿದ್ದ ಇಬ್ಬರು ಎರಡು ಕೋಣೆಗಳೊಳಗೆ, ಒಬ್ಬರ ಕೆಮ್ಮಿಗೆ ಇನ್ನೊಬ್ಬರು ಬೆಚ್ಚುತ್ತ ಬೇಸಿಗೆ ಕಳೆದರು. ಕಿಟಕಿ ತೆರೆದರೆ ಮುಖ ಸುಡುವ ಗಾಳಿ, ಮುಚ್ಚಿದರೆ ಏಸಿಯ ಒಂದೇ ಸಮನೆ ಗುಂಯ್‌ಗುಡುವ ಸದ್ದು. ಆದರೆ ಆ ದಿನಗಳಲ್ಲಿ ಲಕ್ಷಿತ್ ಬದಲಾದಂತಿತ್ತು. ಬೆಳಿಗ್ಗೆ ಚಹಾ ಮಾಡಿ ತರುತ್ತಿದ್ದ. ನೀರುದೋಸೆ ಹೊಯ್ಯಲು ಕಲಿತ. ಮೊದಲೇ ಹೀಗಿದ್ದಿದ್ದರೆ ಎಂದು ಯಶ್ಮಿತಾಳಿಗೆ ಅನಿಸತೊಡಗಿತ್ತು. ಹಾಗನಿಸುವುದು ಅವಳಿಗೇ ಇಷ್ಟವಾಗುತ್ತಿರಲಿಲ್ಲ.

ಹೋಟೆಲಿನ ಬಾಗಿಲಲ್ಲಿ ಹಣೆಗೆ ಗನ್ ಹಿಡಿದು ಜ್ವರ ನೋಡಿದರು. ಒಂದು ಬಿಟ್ಟು ಒಂದು ಮೇಜಿಗೆ ಕೆಂಪು ಟೇಪು ಅಂಟಿಸಿದ್ದರು. ಮೊದಲೆಲ್ಲ ಗಿರಾಕಿ ಒಳಗೆ ಬಂದರೆ ಅಡುಗೆಯವರೆಲ್ಲ ಜಪಾನಿ ಭಾಷೆಯಲ್ಲಿ ಒಟ್ಟಿಗೆ ಕೂಗಿ ಸ್ವಾಗತಿಸುತ್ತಿದ್ದರು. ಈಗ ಕೂಗುವಂತಿಲ್ಲವೆಂದು ಮಾಸ್ಕಿನ ಹಿಂದಿನಿಂದಲೇ ತಲೆಬಾಗಿದರು. ಕೆಂಡದ ಮೇಲೆ ಬಿದಿರುಕಡ್ಡಿಗೆ ಪೋಣಿಸಿದ ಕೋಳಿಯ ತೊಡೆ, ಲಿವರ್, ಚರ್ಮ ಸುಡುತ್ತಿದ್ದವು.

"ನಿನಗೆ ಎಂತ ಬೇಕು? ನೀನೇ ಹೇಳು," ಎಂದ ಲಕ್ಷಿತ್.

ಅವಳು ಹೇಳಿದಳು. ಅವನು ಅದನ್ನೇ ತರಿಸಿದ. ಮೊದಲ ಕಡ್ಡಿ ಮುಗಿಯುವ ಹೊತ್ತಿಗೆ, ಅವಳ ಮುಖ ನೋಡದೆ ಅಂದ: "ವಿಮಾನ ಎಲ್ಲ ಸರಿಯಾದ ಮೇಲೂ ನೀನು ಸ್ವಲ್ಪ ದಿನ ನಿಲ್ಲಬಹುದಲ್ವಾ? ಮನಸ್ಸಿದ್ರೆ ಮಾತ್ರ."

"ನೋಡುವ," ಎಂದಳು ಯಶ್ಮಿತಾ. ಬಾಯಿಮಾತಿಗೆ ಅಂದದ್ದಲ್ಲ ಅದು.

ಅಷ್ಟರಲ್ಲಿ ಪಾರ್ಸೆಲ್ಲಿಗೆ ಕಾಯುತ್ತಿದ್ದ ಹೆಂಗಸೊಬ್ಬಳು ಹತ್ತಿರ ಬಂದಳು. ಹಿಂದೆ ಅವರ ಬಿಲ್ಡಿಂಗಿನಲ್ಲೇ ಇದ್ದ ಉಳ್ಳಾಲದ ರಝಿಯಾ.

"ಮಾಸ್ಕಲ್ಲಿ ಗುರುತೇ ಸಿಗುದಿಲ್ಲ ಮಾರಾಯ್ತಿ. ನಿಮಗೆ ಒಂದು ಥ್ಯಾಂಕ್ಸ್ ಹೇಳ್ಲಿಕ್ಕಿತ್ತು."

"ಎಂತಕ್ಕೆ?"

"ಜೂನಲ್ಲಿ ನೀವು ಸೀಟು ಬಿಟ್ಟುಕೊಟ್ರಲ್ಲ, ಅದರಲ್ಲೇ ನಮ್ಮ ಉಮ್ಮ ಊರಿಗೆ ಹೋದದ್ದು. ವಿಸಿಟ್‌ಗೆ ಬಂದು ಸಿಕ್ಕಿಬಿದ್ದಿದ್ರು, ಮಾತ್ರೆಯೆಲ್ಲ ಮುಗಿದಿತ್ತು. ಹೆಂಡತಿಗೆ ಈಗ ಹೋಗುವ ಮನಸ್ಸಿಲ್ಲ, ವಯಸ್ಸಾದವರಿಗೆ ಕೊಡಿ ಅಂತ ನಿಮ್ಮ ಯಜಮಾನ್ರೇ ಹೇಳಿದ್ರಂತೆ. ಸೀಟಿನ ವ್ಯವಸ್ಥೆ ನೋಡ್ತಿದ್ದ ಮಹ್ರೂಫ್ ಹೇಳಿದ್ದು."

ಯಶ್ಮಿತಾಳ ಕೈಯಲ್ಲಿದ್ದ ಕಡ್ಡಿ ತಟ್ಟೆಗಿಳಿಯಿತು. "ನಿಮ್ಮ ಅಮ್ಮ ಹುಷಾರಿದ್ದಾರಲ್ಲ, ಅದೇ ದೊಡ್ಡದು," ಎಂದಳು.

ರಝಿಯಾ ಕೌಂಟರಿನ ಕಡೆ ಹೋದಳು. ಲಕ್ಷಿತ್ ನೀರಿನ ಲೋಟ ಎತ್ತಿದ, ಕುಡಿಯದೆ ಇಟ್ಟ.

"ಆ ವಾರವೇ ಘಾಲಾದಲ್ಲಿರುವ ನಮ್ಮ ಗೋಡೌನಲ್ಲಿ ಕೆಲಸಕ್ಕಿದ್ದ ಆದಂ ತೀರಿಹೋದದ್ದು," ಎಂದ. "ರೂಮಲ್ಲಿ ಒಬ್ಬನೇ ಇದ್ದ. ಗೊತ್ತಾದದ್ದು ಮರುದಿನ. ನೀನೂ ಹೋದ್ರೆ ನನ್ನ ಗತಿಯೂ ಅದೇ ಅಂತ ಹೆದರಿಕೆ ಆಯ್ತು."

"ಅದನ್ನೇ ನನ್ನ ಹತ್ರ ಹೇಳಬಹುದಿತ್ತು. ನಿಲ್ತಿದ್ದೆನೋ ಏನೋ."

"ಕೇಳಿದ್ರೆ ನೀನು ಹೋಗಿಯೇ ಬಿಡ್ತಿದ್ದಿ."

"ಹೋಗಿಯೂ ಬಿಡ್ತಿದ್ದೆನೇನೋ. ಹೋಗ್ತೇನೋ ಇಲ್ವೋ ಅಂತ ಹೇಳ್ಬೇಕಾದವಳು ನಾನಲ್ವಾ?"

ಅವನ ಹೆದರಿಕೆ ಸುಳ್ಳಲ್ಲವೆಂದು ಅವಳಿಗೆ ಗೊತ್ತಿತ್ತು. ಆದರೆ ಅವಳನ್ನು ಕೂಡಿಹಾಕಿದ್ದು ಅದೇ ಹೆದರಿಕೆ. ಇಷ್ಟು ತಿಂಗಳು ರೋಗ ಕೂಡಿಹಾಕಿದೆ ಎಂದು ಸಮಾಧಾನ ಮಾಡಿಕೊಂಡಿದ್ದಳು. ಚಹಾ, ದೋಸೆ, ಮೆಲುದನಿ ಎಲ್ಲ ಈಗ ಬೇರೆಯಾಗಿ ಕಂಡವು. ಎದ್ದು ಹೋಗೋಣವೆಂದರೆ ಎಲ್ಲಿಗೆ? ವೀಸಾ ಅವನ ಹೆಸರಿಗೆ ಅಂಟಿಕೊಂಡದ್ದು, ಊರು ಕಡಲಾಚೆ, ಬೇರೆಯವರ ಮನೆಯೊಳಗೆ ಯಾರೂ ಯಾರನ್ನೂ ಬಿಟ್ಟುಕೊಳ್ಳದ ಕಾಲ.

ಅವಳು ಎದ್ದು ಕೌಂಟರಿನ ಬಳಿ ರಝಿಯಾಳಿಂದ ನಂಬರ್ ಪಡೆದು, ಅಲ್ಲೇ ನಿಂತು ಮಹ್ರೂಫ್‌ಗೆ ಫೋನ್ ಮಾಡಿದಳು.

"ನನ್ನ ಹೆಸರಿನ ಎದುರಿಗೆ ನನ್ನದೇ ನಂಬರ್ ಹಾಕಿ. ಇನ್ನು ಬೇರೆ ಯಾರನ್ನೂ ಕೇಳ್ಬೇಡಿ."

"ಆಯ್ತು, ಆದ್ರೆ ಈಗಿನ ಸೀಟೆಲ್ಲ ಖಲಾಸ್ ಆಗಿದೆಯಕ್ಕ. ಕಾಯ್ಬೇಕು."

ಮರಳಿ ಬಂದಾಗ ಕೋಳಿಯ ಕೊಬ್ಬು ತಟ್ಟೆಯಲ್ಲಿ ಬಿಳಿಯಾಗಿ ಗಟ್ಟಿಕಟ್ಟಿತ್ತು. ಅದೇ ಕಾರಿನಲ್ಲಿ ಅದೇ ಫ್ಲ್ಯಾಟಿಗೆ ಇಬ್ಬರೂ ವಾಪಸಾದರು. ಸೀಟಿನ ಮುಂದಿನ ಕರೆ ಬರುವವರೆಗೆ ಒಂದೇ ಅಡುಗೆಮನೆಯಲ್ಲಿ, ಒಬ್ಬರು ಹೊರಬಂದ ಮೇಲೆ ಇನ್ನೊಬ್ಬರು ಒಳಹೋಗುತ್ತ ಬದುಕಿದರು. ಅವನು ಮತ್ತೆ ಮತ್ತೆ ಕ್ಷಮೆ ಕೇಳಿದ. ಅವಳು ಜಗಳವಾಡಲಿಲ್ಲ. ಜಗಳವಾಡಿದರೂ ಎದ್ದು ಹೋಗಲು ಇದ್ದದ್ದು ಪಕ್ಕದ ಕೋಣೆಯೊಂದೇ.

ಕರೆ ಬಂದದ್ದು ಸೆಪ್ಟೆಂಬರ್ ಕೊನೆಗೆ, ಅವಳು ಅಕ್ಕಿ ತೊಳೆಯುತ್ತಿದ್ದಾಗ. "ಬರ್ತೇನೆ," ಎಂದವಳು ಲಕ್ಷಿತ್‌ಗೆ ಆಮೇಲೆ ತಿಳಿಸಿದಳು.

ಏರ್‌ಪೋರ್ಟಿನ ಒಳಗೆ ಪ್ರಯಾಣಿಕರಿಗೆ ಮಾತ್ರ ಪ್ರವೇಶ. ಪೆಟ್ಟಿಗೆ ಇಳಿಸಿಕೊಟ್ಟು ಅವನು ಕೇಳಿದ, "ತಲುಪಿದ ಮೇಲೆ ಫೋನ್ ಮಾಡ್ತಿಯಾ?"

ಅವಳು ಪೆಟ್ಟಿಗೆಯ ಹಿಡಿಕೆ ಎಳೆದಳು.

"ಹುಷಾರಿಲ್ಲದಿದ್ರೆ ನೀವು ಮಾಡಿ, ಎತ್ತುತ್ತೇನೆ. ಬೇರೆ ಯಾವುದಕ್ಕೂ ಬೇಡ."

ಹಿಂದೆ ಕಾರುಗಳು ಸಾಲುಗಟ್ಟಿದ್ದವು. ಮುಂದೆ ಹೋಗುವಂತೆ ಪೊಲೀಸು ಕೈಬೀಸಿದ. ಲಕ್ಷಿತ್ ಹೊರಡಲೇಬೇಕಾಯಿತು.