ಊರುಗೋಲಿನ ಬಾಗು

"ಕೈ ಕೊಡು ಬೇಗ, ಹೊತ್ತಿಲ್ಲ!" ಎನ್ನುತ್ತ ಮೇಸ್ತ್ರಿ ನೀರಿನ ತೊಟ್ಟಿಯಿಂದ ಎತ್ತಿದ ಅಲ್ಯುಮಿನಿಯಂ ಸರಳು ಹಿಡಿದು ಓಡಿಬಂದ.

ಗಾಲಿಕುರ್ಚಿಯಲ್ಲಿದ್ದ ಹೆಂಡತಿ ಮುಖ ಸಿಂಡರಿಸಿದಳು. "ಮದುವೆ ದಿನಾನೂ ನೀವು ಇಷ್ಟು ಅವಸರ ಮಾಡಿರ್ಲಿಲ್ಲ."

ಅವಳು ಬಚ್ಚಲಲ್ಲಿ ಜಾರಿ ಕಾಲು ಮುರಿದುಕೊಂಡು ಐದು ತಿಂಗಳಾಗಿತ್ತು. ಮೂಳೆ ಕೂಡಿದೆ, ಇನ್ನೂ ನಡೆಯದಿದ್ದರೆ ಕುರ್ಚಿಯೇ ಗತಿ ಎಂದು ಡಾಕ್ಟರು ಗದರಿದ್ದರು. ಆದರೆ ಭಯ ಹೋಗಬೇಕಲ್ಲ! ಅಂಗಡಿಯಿಂದ ತಂದ ಕೋಲುಗಳಿಗೆಲ್ಲ ಒಂದೊಂದು ಕೊಂಕು ತೆಗೆದು ಮೂಲೆಗೆ ತಳ್ಳಿದ್ದಳು. ಮೂವತ್ತು ವರ್ಷ ಫರ್ನೇಸಿನ ಮುಂದೆ ಬೆವರು ಸುರಿಸಿದ ಮೇಸ್ತ್ರಿಗೂ ತಾನೇ ಕೋಲು ಮಾಡಿಕೊಡುವ ಹಟ ಹತ್ತಿತು. ರಜಾದಿನ ಅವಳನ್ನು ಕಾರ್ಖಾನೆಗೇ ತಳ್ಳಿಕೊಂಡು ಬಂದಿದ್ದ.

ಚೆನ್ನಾಗಿ ಕಾಯಿಸಿ ಥಟ್ಟನೆ ನೀರಿಗೆ ಅದ್ದಿದರೆ ಆ ಅಲ್ಯುಮಿನಿಯಂ ಮಿಶ್ರಲೋಹ ಸ್ವಲ್ಪ ಹೊತ್ತು ಮೆತ್ತಗಿರುತ್ತದೆ. ಆಮೇಲೆ ಸುಮ್ಮನೆ ಇಟ್ಟರೂ ದಿನದಿನಕ್ಕೆ ತಾನಾಗಿ ಗಟ್ಟಿಯಾಗುತ್ತದೆ. ಮೇಸ್ತ್ರಿ ಅವಳ ಮುಷ್ಟಿಯ ಅಳತೆಗೇ ಹಿಡಿಯನ್ನು ಬಗ್ಗಿಸಿದ.

"ನಾಲ್ಕು ದಿನ ಭಾರ ಹಾಕ್ಬೇಡ. ಇನ್ನೂ ಎಳೇದು."

"ಭಾರ ಹಾಕೋಕೆ ಎದ್ದು ನಿಲ್ಲೋರ್ಯಾರು?" ಎಂದಳು.

ಮನೆಗೆ ಬಂದು ಕೋಲನ್ನು ಅವಳ ಮಂಚದ ಪಕ್ಕ ಒರಗಿಸಿ, ಕಾರ್ಖಾನೆಯ ಕೀಲಿ ಕೊಟ್ಟುಬರಲು ಹೋದ.

ಐದನೆಯ ದಿನ ಬೆಳಿಗ್ಗೆ ಕೋಲು ಎತ್ತಿ ನೋಡುತ್ತಾನೆ, ಹಿಡಿಯ ಕೆಳಗೆ ಎಡಕ್ಕೆ ಹೆಬ್ಬೆರಳಷ್ಟು ಬಾಗು! ದಾರ ಹಿಡಿದು ನೇರ ಮಾಡಿದ್ದ ಸರಳು. ಮೊಣಕಾಲಿಗೆ ಕೊಟ್ಟು ಒತ್ತಿದ. ಜಪ್ಪಯ್ಯ ಅಂದರೂ ಅಲುಗಲಿಲ್ಲ.

"ಯಾರು ಇದನ್ನ ಮುಟ್ಟಿದ್ದು?" ಎಂದು ಕೂಗಿದ. ಮನೆಯಲ್ಲಿ ಇದ್ದವರು ಇಬ್ಬರೇ. ಅವಳು ಕಿಟಕಿಯ ಕಡೆ ತಿರುಗಿದಳು.

ಮೇಸ್ತ್ರಿಯ ಸಿಟ್ಟು ಅಲ್ಲಿಗೇ ನಿಂತಿತು. ಮೆತ್ತಗಿದ್ದಾಗ ಬಗ್ಗಿದ್ದು ಇದು, ಅದೂ ಮೊದಲ ದಿನವೇ. ಕೂತವರ ಕೈಯ ಭಾರಕ್ಕೆ ಇಷ್ಟು ಬಗ್ಗುವುದಿಲ್ಲ.

"ನೀನು ಎದ್ದು ನಿಂತಿದ್ಯಾ?"

"ನೀವು ಕೀಲಿ ಕೊಡೋಕೆ ಹೋಗಿದ್ರಲ್ಲ, ಆಗ. ನಾಲ್ಕು ಹೆಜ್ಜೆ ಹೋದೆ. ಕೋಲು ಬಗ್ಗಿತು. ನೀವು ಬೈತೀರಾ ಅಂತ ವಾಪಸ್ ಬಂದು ಕೂತ್ಕೊಂಡ್ಬಿಟ್ಟೆ." ಅವಳ ದನಿ ಸಣ್ಣಗಾಯಿತು. "ನೆಟ್ಟಗೆ ಮಾಡೋಕೆ ಆಗುತ್ತೇನ್ರೀ?"

"ಇಲ್ಲ ಕಣೇ. ಇನ್ನು ಅದು ಹಾಗೇನೇ."

ಮೇಸ್ತ್ರಿ ನಗುತ್ತ ಕೋಲನ್ನು ಅವಳ ಕೈಗಿಟ್ಟು ಬಾಗಿಲ ಕಡೆ ನಡೆದ. ಮನಸ್ಸಿನಲ್ಲೇ ನಾಲ್ಕು ಹೆಜ್ಜೆ ಎಣಿಸಿ, ಇನ್ನೊಂದು ಹೆಜ್ಜೆ ಆಚೆ ಹೋಗಿ, ಅವಳತ್ತ ತಿರುಗಿ ನಿಂತುಕೊಂಡ.