ಕಾರೆಹಾಳದ ಎರಡನೆಯ ಒಲೆ

೧೯೫೧ರ ಜನಗಣತಿಯನ್ನು ಚಿಂಚೋಳಿ ತಹಸೀಲಿನವರು ನಮ್ಮಂಥ ಸಾಲಿ ಮಾಸ್ತರರ ಕೊರಳಿಗೆ ಕಟ್ಟಿದರು. ನನ್ನ ಪಾಲಿಗೆ ಬಂದದ್ದು ಕುಂಚಾವರಂ ಕಡೆಯ ಅಡವಿ ಹಳ್ಳಿಗಳು. ಹೆಂಡತಿ ಮಕ್ಕಳಿಲ್ಲದವನು ಎಲ್ಲಿ ಅಲೆದರೇನು ಎಂದು ಗಣತಿ ನೋಡಿಕೊಳ್ಳುತ್ತಿದ್ದ ಕಂದಾಯದ ಗಿರ್ದಾವರ ನಾಗೇಂದ್ರಪ್ಪನವರೇ ತೀರ್ಮಾನಿಸಿಬಿಟ್ಟಿದ್ದರು. ಗಣತಿ ಶುರುವಾಗುವ ಮುಂಚೆಯೇ ಕೋಣೆಗೆ ಬೀಗ ಜಡಿದು ಹೊರಟಿದ್ದೆ. ಚಿಂಚೋಳಿಯಲ್ಲಿ ನನ್ನನ್ನು ಬರೆದುಕೊಳ್ಳಬೇಕಾದವರು ಬೀಗ ನೋಡಿ ಮುಂದಿನ ಮನೆಗೆ ಹೋಗಿರಬೇಕು. ಸಿಟ್ಟಿಗೆ ಮೈಯೆಲ್ಲ ಉರಿಯುತ್ತಿತ್ತು, ಹೇಳಿಕೊಳ್ಳೋಣವೆಂದರೆ ಜೊತೆಗೊಬ್ಬರಿಲ್ಲ.

"ಕಾರೆಹಾಳಕ್ಕ ಹೋಗಬ್ಯಾಡ್ರಿ ಮಡಿವಾಳಯ್ಯ. ಅಲ್ಲಿ ಒಬ್ಬಾಕಿ ಮುದುಕಿ ಅದಾಳ ಅಷ್ಟೇ. ಆಕಿನ್ನ ಕುಂಚಾವರಂದಾಗ ಸೇರಿಸಿ, ಊರು ಬೇಚಿರಾಗ ಅಂತ ಬರೀರಿ," ಎಂದಿದ್ದರು ಗಿರ್ದಾವರರು. ಜನವಿಲ್ಲದ ಊರಿಗೆ ದಫ್ತರದಲ್ಲಿ ಹಾಗೆನ್ನುತ್ತಾರೆ. ಕುರ್ಚಿ ಬಿಡದೆ ಊರು ಅಳಿಸುವ ಈ ದೊಡ್ಡಸ್ತಿಕೆ ನನಗಾಗುವುದಿಲ್ಲ. ಬೇಕೆಂದೇ ಹೋದೆ.

ಹೋಗಿ ನೋಡಿದರೆ ಸಾಲಾಗಿ ಮನೆಗಳು, ಪ್ರತಿ ಹೊಸ್ತಿಲೂ ಆಗಷ್ಟೇ ಸಾರಿಸಿದ್ದು, ಮುಂದೆ ರಂಗೋಲಿ. ತುಂಬಿದ ಊರನ್ನು ಹಾಳೂರು ಎನ್ನುತ್ತಾರಲ್ಲ ಎಂದು ಗಿರ್ದಾವರರನ್ನು ಮನಸಾರೆ ಬೈದುಕೊಂಡೆ. ಒಂದೊಂದೇ ಬಾಗಿಲ ಮುಂದೆ ಕೂಗಿದೆ. ಯಾರೂ ಓಗೊಡಲಿಲ್ಲ. ಕಡೆಯ ಮನೆಯಿಂದ ಸಗಣಿ ಕೈಯಲ್ಲೇ ಮುದುಕಿ ಗುರುಲಿಂಗಮ್ಮ ಬಂದಳು. ನನ್ನ ಕೊರಳ ಲಿಂಗ, ಹಣೆಯ ವಿಭೂತಿ ಕಂಡು ಕೈಮುಗಿದಳು.

"ಬರ್ರಿ ಅಯ್ಯೋರೆ, ಕುಂದ್ರಿ. ಎಲ್ಲಾರೂ ಶಹಾಬಾದಕ್ಕ ಕಲ್ಲಿನ ಖಣಿ ಕೆಲಸಕ್ಕ ಹೋಗ್ಯಾರ್ರಿ. ಅವರ ಹೊಸ್ತಲಾ ನಾನೇ ದಿನಾ ಸಾರಸ್ತೀನಿ. ಊರು ಹಾಳು ಬಿದ್ದಂಗ ಕಾಣಬಾರದಲ್ರಿ?"

ಕಂಬಳಿ ಹಾಸಿ, ರೊಟ್ಟಿ, ಪುಂಡಿಪಲ್ಯ ಮುಂದಿಟ್ಟಳು. ಆಮೇಲೆ ಮೆಲ್ಲಗೆ ಕೇಳಿದಳು: "ಬೇಚಿರಾಗ ಬರೀತಾರಂತ ತಳವಾರ ಹೇಳ್ಯಾನ್ರಿ. ಬರೀಬ್ಯಾಡ್ರಿ. ನಮ್ಮವರು ತಿರುಗಿ ಬಂದ್ರ ಊರು ಇರಬೇಕಲ್ರಿ."

ಅವಳೊಬ್ಬಳನ್ನೇ ಬರೆದರೆ ಗಿರ್ದಾವರರು ಕುಂಚಾವರಂಗೆ ಸೇರಿಸುವುದು ಖಂಡಿತ. ಎರಡು ಮನೆಯಿದ್ದರೆ ಅವರಾಟ ನಡೆಯದು. ಆದರೆ ಸಾರಿಸಿದ ಹೊಸ್ತಿಲನ್ನು ಮನೆಯೆಂದು ಬರೆಯಲು ಬರುವುದಿಲ್ಲ.

ಊರೂರಿಗೆ ನಾನೇ ಓದಿ ಹೇಳುತ್ತಿದ್ದ ನಿಯಮ ಆಗ ನೆನಪಾಯಿತು. ಗಣತಿ ಮುಗಿಯುವವರೆಗೂ ಮನೆಯಿಂದ ಹೊರಗಿರುವವನನ್ನು ಸಿಕ್ಕಲ್ಲಿಯೇ ಬರೆಯಬೇಕು. ಒಲೆ ಬೇರೆಯಾದರೆ ಮನೆ ಬೇರೆ.

"ಯವ್ವಾ, ನನಗೊಂದು ಮನಿ ಕೊಡ್ತೀಯೇನು?"

"ಇರ್ತೀರೇನ್ರಿ?" ಮುಖ ಅರಳಿತು.

"ಇವತ್ತೊಂದಿನ."

ಅರಳಿದ ಮುಖ ಬಾಡಿತು. ಆದರೂ ಎದ್ದು ಸೆರಗು ಸಿಗಿಸಿಕೊಂಡು ಕೇಳಿದಳು: "ಯಾವ ಮನಿ ಬೇಕ್ರಿ?"

ಪಕ್ಕದ್ದೇ ಇರಲಿ ಎಂದೆ. ಅದು ಅವಳ ನೆಗೆಣ್ಣಿ ರತ್ನಾಬಾಯಿಯದು. ಬಾಗಿಲು ತೆಗೆದು ಕಸ ಹೊಡೆದಳು, ತನ್ನ ಒಲೆಯ ಕೆಂಡ ತಂದು ನನ್ನ ಒಲೆಗೆ ಹಾಕಿದಳು. ನಾನು ಊದಿದೆ. ಬೆಳಕಿಂಡಿಯಿಂದ ಹೊಗೆ ಎದ್ದಾಗ ಅವಳು ಅಂಗಳದಲ್ಲಿ ತಲೆಯೆತ್ತಿ ನಿಂತಿದ್ದಳು.

"ರತ್ನಾಬಾಯಿ ಮನಿಯಾಗಿಂದ ಹೊಗಿ ಬಂದು ಭಾಳ ದಿನಾ ಆಗಿತ್ರಿ," ಎಂದು ಸೆರಗಿನಿಂದ ಕಣ್ಣೊತ್ತಿಕೊಂಡಳು. ಪಕ್ಕದ ಮನೆಯವರು ಅಂತ ನನಗೂ ಯಾರಾದರೂ ಇದ್ದು ಎಷ್ಟು ಕಾಲವಾಗಿತ್ತೋ. ಹೊಗೆಯ ನೆಪದಲ್ಲಿ ನಾನೂ ಕಣ್ಣು ಒರೆಸಿಕೊಂಡೆ. ನಂತರ ಬರೆದೆ: ಕಾರೆಹಾಳ, ಮನೆ ಎರಡು, ಜನ ಇಬ್ಬರು.

ಬೆಳಿಗ್ಗೆ ಒಲೆ ಆರಿಸಿ ಹೊರಟೆ. "ಮತ್ತ ಯಾವಾಗ ಬರ್ತೀರಿ?" ಎಂದಳು. ಬರ್ತೀನವ್ವ ಎಂದೆ. ಬರುವವನಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಅಡವಿಯ ತಿರುವಿನಲ್ಲಿ ಹಿಂತಿರುಗಿ ನೋಡಿದೆ. ಎರಡೂ ಮನೆಗಳಿಂದ ಹೊಗೆ ಏಳುತ್ತಿತ್ತು. ನಾನು ಆರಿಸಿ ಬಂದ ಒಲೆಯನ್ನು ಅವಳು ಮತ್ತೆ ಹೊತ್ತಿಸಿದ್ದಳು.