ಹಳ್ಳದಾಚೆಯ ಹೊಗೆ

ಹಳ್ಳದಾಚೆಯ ಹೆಂಚಿನ ಮನೆಯಿಂದ ಬೆಳಗಿನ ಹೊತ್ತು ಏಳುತ್ತಿದ್ದ ಹೊಗೆಯನ್ನು ನಾನು ಮೊದಲು ನೋಡಿದ್ದು ದ್ಯಾವಮ್ಮನವರ ಜಗಲಿಯ ಮೇಲೆ ಕೂತು. ಅಲ್ಲಿಗೆ ಹೋದದ್ದು ಹೊಗೆ ನೋಡಲಿಕ್ಕಲ್ಲ, ಆ ಹೆಂಗಸು ಎಲ್ಲಿ ಕೊಲೆ ಮಾಡಿಬಿಡುತ್ತಾರೋ ಎಂಬ ಭಯಕ್ಕೆ.

ಆಗ ನಾನು ಊರಿಗೆಲ್ಲ ಒಂದೇ ಆಗಿದ್ದ ಬಂದೂಕಿನಂಗಡಿಯಲ್ಲಿ ಗುಮಾಸ್ತ. ಜನ್ಮದಲ್ಲಿ ಒಂದು ಕಾಗೆಯನ್ನೂ ಹೊಡೆದವನಲ್ಲ, ಆದರೆ ಬಂದೂಕಿಗೆ ತುಂಬುವ ತೋಟಾಗಳ ವಿಷಯಕ್ಕೆ ಬಂದರೆ ನನ್ನ ಬಾಯಿಗೆ ಬಿಡುವಿರುತ್ತಿರಲಿಲ್ಲ. ದ್ಯಾವಮ್ಮ ಗಂಡ ತೀರಿಹೋದ ಮೇಲೆ ಅವರ ರೈಫಲ್ಲನ್ನೂ ಲೈಸೆನ್ಸನ್ನೂ ತಮ್ಮ ಹೆಸರಿಗೆ ಮಾಡಿಸಿಕೊಂಡ ಗಟ್ಟಿಗಿತ್ತಿ. ಆ ವರ್ಷ ಕಾಲು ಮುರಿದುಕೊಂಡು ಹಳ್ಳ ದಾಟಲಾರದಂತಾಗಿದ್ದರು. ಆಚೆ ದಡದ ಅವರ ಕಲ್ಲಂಗಡಿ ಹೊಲಕ್ಕೆ ನರಿಗಳು ನುಗ್ಗುತ್ತಿದ್ದವು. ಒಂದನ್ನೂ ಪೂರ್ತಿ ತಿನ್ನದೆ ಎಲ್ಲ ಹಣ್ಣಿಗೂ ಬಾಯಿ ಹಾಕಿ ಹೋಗುತ್ತಿದ್ದವು. ವರ್ಷಕ್ಕೆ ಅದೊಂದೇ ಬೆಳೆ ಅವರಿಗೆ. ಒಂದು ದಿನ ಕೋಲೂರಿಕೊಂಡು ಅಂಗಡಿಗೆ ಬಂದರು.

"ಜಗಲೀಲಿ ಕೂತ್ಕಂಡೇ ಹೊಡೀಬೇಕು ಕಣಪ್ಪಾ. ಮುನ್ನೂರು ಗಜ ಆಯ್ತದೆ. ಯಾವ ತೋಟಾ ಕೊಡ್ತೀಯ?"

ಅವರ ರೈಫಲ್ಲಿಗೆ ಒಗ್ಗುವ ಎರಡು ಬಗೆಯನ್ನು ಮೇಜಿನ ಮೇಲೆ ನಿಲ್ಲಿಸಿದೆ. ಒಂದರದು ಭಾರದ ಗುಂಡು, ಗಾಳಿಗೆ ಅಷ್ಟಾಗಿ ಜಗ್ಗದು. ಇನ್ನೊಂದರದು ಹಗುರ, ವೇಗ ಜಾಸ್ತಿ, ಆದರೆ ಗಾಳಿಗೆ ಓರೆಯಾಗುತ್ತದೆ.

"ಭಾರದ್ದೇ ತಗೊಳ್ಳಿ ಅಮ್ಮಾ," ಎಂದೆ.

"ನರಿಗೆ ಬೀಳ್ದೇ ಹೋದ್ರೆ ಅದು ಎಲ್ಲೀಗಂಟ ಹೋಯ್ತದೆ? ಹೊಲದ ಹಿಂದೆ ಒಂದು ಮನೆ ಅದೆ. ಆ ಬಾಗಿಲಗಂಟ ಹೋಯ್ತದಾ?"

ಆ ಪ್ರಶ್ನೆ ಕೇಳಿ ನನಗೆ ಅನುಮಾನ ಬಂತು. ಆ ಮನೆ ಅವರ ಮೈದುನ ಈರೇಗೌಡರದು. ಒಂದು ಹಲಸಿನ ಮರದ ಪಾಲಿಗಾಗಿ ಇಬ್ಬರೂ ಹನ್ನೆರಡು ವರ್ಷದಿಂದ ಮಾತು ಬಿಟ್ಟಿದ್ದರು.

"ಅಯ್ಯೋ, ಇದನ್ನ ಬೇರೆಯವರು ಹೇಳಿಟ್ಟಿದ್ದಾರೆ," ಎಂದು ಸುಳ್ಳು ಹೇಳಿ ಭಾರದ್ದನ್ನು ಒಳಗಿಟ್ಟೆ. "ಈ ಹಗುರದ್ದು ನೆಲಕ್ಕೆ ತಾಗಿದರೆ ಬಹುಮಟ್ಟಿಗೆ ಅಲ್ಲೇ ಪುಡಿಯಾಗುತ್ತೆ, ಮುಂದಕ್ಕೆ ಹೋಗಲ್ಲ."

ಅವರು ಅದನ್ನೇ ತೆಗೆದುಕೊಂಡು ಹೋದರು. ಆದರೂ ನನ್ನ ಭಯ ಹೋಗಲಿಲ್ಲ. ಭಾನುವಾರ ನಸುಕಿಗೇ ರೈಫಲ್ಲಿನ ಗುರಿ ಸರಿಯಿದೆಯೋ ನೋಡುವ ನೆಪ ಹೇಳಿಕೊಂಡು ಅವರ ಮನೆಗೆ ಹೋದೆ.

ಹೊಲದಲ್ಲಿ ಎರಡು ನರಿಗಳಿದ್ದವು. ದ್ಯಾವಮ್ಮ ಮೂಟೆಯ ಮೇಲೆ ರೈಫಲ್ ಊರಿ ಕೂತಿದ್ದರು. ಕಣ್ಣು ಮಾತ್ರ ಈರೇಗೌಡರ ಮನೆಯ ಮೇಲೆ.

"ನರಿ ಈ ಕಡೆ ಇದೆಯಲ್ಲಮ್ಮಾ!" ಎಂದುಬಿಟ್ಟೆ.

"ಕಾಣ್ತದೆ ಸುಮ್ನಿರು. ಅವನ ಬಚ್ಚಲೊಲೆ ಹೊಗೆ ಎತ್ತ ವಾಲ್ತದೋ ನೋಡ್ತಿದೀನಿ. ಗಾಳಿ ಗೊತ್ತಾಗ್ಬೇಡ್ವಾ?" ಎಂದು ಹೇಳಿ, ಮೂಟೆಯನ್ನು ಸರಿಮಾಡಿಕೊಳ್ಳುತ್ತ, "ಆ ಭಾರದ್ದು ನೀನು ಕೊಡ್ದೇ ಇದ್ದಿದ್ದೇ ಒಳ್ಳೇದಾಯ್ತು. ಕಲ್ಲಿಗೆ ಹೊಡ್ದು ಎಗರಿ ಅವನ ಮನೆಗೆ ಹೋಗಿದ್ರೆ? ಮಾತು ಬಿಟ್ಟಿದೀನಿ, ಅಷ್ಟೇ ಕಣಪ್ಪಾ," ಎಂದರು.

ನಾಚಿಕೆಯಿಂದ ನನಗೆ ತಲೆಯೆತ್ತಲಾಗಲಿಲ್ಲ. ಹೊಗೆ ಬಲಕ್ಕೆ ವಾಲಿತು, ಅವರು ತುಸು ಎಡಕ್ಕೆ ಗುರಿ ಹಿಡಿದು ಹೊಡೆದರು. ಒಂದು ನರಿ ಉರುಳಿತು.

ಆಮೇಲೆ ಪ್ರತಿ ಭಾನುವಾರವೂ ಹೋಗತೊಡಗಿದೆ. ಮೂರನೆಯ ಭಾನುವಾರ ಹೊಲದಲ್ಲಿ ಐದು ನರಿಗಳಿದ್ದವು, ಹೊಗೆ ಮಾತ್ರ ಏಳಲೇ ಇಲ್ಲ.

"ಹಳ್ಳದ ದಡದ ಆ ಬಿದಿರು ನೋಡಿದರೂ ಗಾಳಿ ಗೊತ್ತಾಗುತ್ತಲ್ಲ, ಹೊಡೆಯಿರಮ್ಮಾ."

ಅವರು ಹೊಡೆಯಲಿಲ್ಲ. ಬಿಸಿಲು ಹೊಲಕ್ಕೆ ಬಂತು. ಕೊನೆಗೆ ರೈಫಲ್ಲಿನಿಂದ ತೋಟಾ ತೆಗೆದು ನನ್ನ ಕೈಗೆ ಹಾಕಿದರು. "ಇದು ನಿನ್ ತಾವೇ ಇರ್ಲಿ, ನೀನು ಆ ಕಡೆ ಇರೋಗಂಟ ಬಂದೂಕು ಖಾಲಿ ಇರ್ಬೇಕು. ಓಡೋಗಿ ನೋಡ್ಕಂಡು ಬಾ ನಮ್ಮಪ್ಪಾ. ಇಷ್ಟೊತ್ಗೆ ಅವನ ನೀರು ಕಾದು ಮುಗೀತಿತ್ತು."

ಒಂಟಿಯಾಗಿದ್ದ ಈರೇಗೌಡರು ಜ್ವರದಲ್ಲಿ ಕೆಂಡವಾಗಿ ಮಲಗಿದ್ದರು. ನೀರು ಕುಡಿಸಿ, ಡಾಕ್ಟರನ್ನು ಕರೆತರುತ್ತೇನೆಂದು ಎದ್ದರೆ ನನ್ನ ಕೈ ಹಿಡಿದುಕೊಂಡರು.

"ಮೊದ್ಲು ಬಚ್ಚಲೊಲೆ ಹಚ್ಚು. ಹಸಿ ಸೌದೆ ಇಕ್ಕು, ಹೊಗೆ ಚೆನ್ನಾಗಿ ಬತ್ತದೆ. ಹೊಗೆ ಕಂಡ ಮೇಲೇ ಅತ್ತಿಗೆ ಹೊಡೆಯೋದು, ನನಗೆ ಗೊತ್ತಿಲ್ವಾ? ಕಾಯ್ತಾ ಕೂತಿರ್ತಾರೆ."

ಕಣ್ಣುರಿಸಿಕೊಳ್ಳುತ್ತ ಒಲೆ ಹಚ್ಚಿ ಹೊರಗೆ ಬಂದೆ. ತೋಟಾ ಇನ್ನೂ ನನ್ನ ಜೇಬಿನಲ್ಲೇ ಇತ್ತು. ಹೊಲದಲ್ಲಿ ನರಿಗಳು ನಿಶ್ಚಿಂತೆಯಿಂದ ಹಣ್ಣು ತಿನ್ನುತ್ತಿದ್ದವು. ಆಚೆ ಜಗಲಿಯಲ್ಲಿ ಯಾರೂ ಇರಲಿಲ್ಲ. ರೈಫಲ್ ಕಂಬಕ್ಕೆ ಒರಗಿತ್ತು. ದ್ಯಾವಮ್ಮ ಕೋಲೂರಿಕೊಂಡು ಹಳ್ಳದ ಅಂಚಿಗೆ ಬಂದು, ಮೊಣಕಾಲಿನವರೆಗೆ ನೀರಿನಲ್ಲಿ ನಿಂತು, ತಲೆಯೆತ್ತಿ ಹೊಗೆಯನ್ನು ನೋಡುತ್ತಿದ್ದರು.